ರೆಟ್ರೋ ಬೈಕ್‌ಗಳ ಅಂದ ಮತ್ತು ಅಸಲಿ ಸಾಮರ್ಥ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಂಡು ಹೆಡ್‌ಲೈಟು, ಮುಂದೆ ಉಬ್ಬಿ ಹಿಂದಕ್ಕೆ ಸಪೂರವಾಗುವ ಟ್ಯಾಂಕು, ಹೊಳೆಯುವ ಸೈಲೆನ್ಸರ್ ಇರುವ ಹೊಸ ಬೈಕ್ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರನ್ನು ಒಂದೇ ಗೊಂದಲ ಕಾಡುತ್ತದೆ: ಕಣ್ಣಿಗೆ ಹಿಡಿಸಿದ ಗಾಡಿ ರಸ್ತೆಯಲ್ಲಿಯೂ ಹಿಡಿಸುವಂತೆ ಓಡುತ್ತದೆಯೇ? ಮುಖ್ಯವಾಗಿ 300ರಿಂದ 650 ಸಿಸಿಯೊಳಗಿನ, ಭಾರತದಲ್ಲಿಯೇ ತಯಾರಾಗುವ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ಶಕ್ತಿ ಮತ್ತು ತೂಕದ ಅಂಕಿಗಳು ತಯಾರಕರು ಪ್ರಕಟಿಸಿದವು. ಮಾದರಿ ಮತ್ತು ವರ್ಷಕ್ಕೆ ತಕ್ಕಂತೆ ಅವು ತುಸು ಹೆಚ್ಚುಕಡಿಮೆಯಾಗುತ್ತವೆ.

ರೆಟ್ರೋ ಬೈಕಿಗೂ ಹಳೆಯ ಬೈಕಿಗೂ ಏನು ವ್ಯತ್ಯಾಸ?

ರೂಪ ಹಿಂದಿನದು, ಒಳಗಿನ ಯಂತ್ರ ಇಂದಿನದು ಆಗಿದ್ದರೆ ಅದು ರೆಟ್ರೋ. 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತ ಬಂದ ರಾಯಲ್ ಎನ್‌ಫೀಲ್ಡ್ ಬುಲೆಟ್ ಈ ಅರ್ಥದಲ್ಲಿ ರೆಟ್ರೋ ಆಗಿರಲಿಲ್ಲ; ಅದು ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿದುಬಂದ ಹಳೆಯ ಗಾಡಿಯಾಗಿತ್ತು. ಅದೇ ಸಂಸ್ಥೆ 2009ರಲ್ಲಿ ಹೊಸ ಎಂಜಿನ್ನಿಗೆ ಯುದ್ಧಾನಂತರದ ಬ್ರಿಟಿಷ್ ಬೈಕ್‌ಗಳ ಮೈಕಟ್ಟು ತೊಡಿಸಿ ಕ್ಲಾಸಿಕ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಾಗ ನಮ್ಮಲ್ಲಿ ರೆಟ್ರೋ ಬೈಕ್‌ಗಳ ಯುಗ ನಿಜವಾಗಿ ಆರಂಭವಾಯಿತು. 2019ರಿಂದ 125 ಸಿಸಿ ಮೀರಿದ ಬೈಕ್‌ಗಳಿಗೆ, ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ, 2020ರ ಏಪ್ರಿಲ್‌ನಿಂದ ಬಿಎಸ್-6 ಮಾಲಿನ್ಯ ನಿಯಮ ಜಾರಿಯಲ್ಲಿದೆ. ಆದ್ದರಿಂದ ಇಂದು ಷೋರೂಮಿನಲ್ಲಿ ಸಿಗುವ ಯಾವ ರೆಟ್ರೋ ಗಾಡಿಯೂ ಒಳಗಿನಿಂದ ಹಳೆಯದಾಗಿರಲು ಸಾಧ್ಯವಿಲ್ಲ.

ಓಟದಲ್ಲಿ ಹಿಂದಿದ್ದರೂ ಈ ಗಾಡಿಗಳ ಮೇಲೆ ಜನರಿಗೆ ಇಷ್ಟೊಂದು ಒಲವು ಏಕೆ?

ನೆನಪು ಒಂದು ಕಾರಣ, ಮತ್ತು ಕರ್ನಾಟಕದಲ್ಲಿ ಅದು ಬಲವಾದ ಕಾರಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಬೈಕ್‌ಗಳು ತಯಾರಾದವು. ಒಂದೇ ಲಿವರನ್ನು ಮೇಲೆತ್ತಿ ತಿರುಗಿಸಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರ್ ಆಗುತ್ತಿದ್ದ ಆ ಗಾಡಿಗಳ ಜಾಣ ವಿನ್ಯಾಸವನ್ನು ಇಂದಿಗೂ ಪ್ರೀತಿಯಿಂದ ವಿವರಿಸುವ ಹಿರಿಯರು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಅವುಗಳ ಮಾಲೀಕರು ಗಾಡಿಗಳೊಂದಿಗೆ ಒಂದೆಡೆ ಸೇರುವ ಪದ್ಧತಿಯೂ ಬೆಳೆದಿದೆ. ಹಾಗಿರುವಾಗ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಬಂದಾಗ ಅಪ್ಪ, ಚಿಕ್ಕಪ್ಪಂದಿರ ಗಾಡಿಯ ಹಿಂದೆ ಕುಳಿತು ಬೆಳೆದವರು ಷೋರೂಮಿಗೆ ಹೋಗಿ ನೋಡಿದ್ದು ಸಹಜವೇ ಆಗಿತ್ತು.

ಆದರೆ ನೆನಪಿನಿಂದ ಮಾತ್ರ ಇದನ್ನು ವಿವರಿಸಲಾಗದು, ಏಕೆಂದರೆ ಯೆಜ್ಡಿಯನ್ನು ಕಣ್ಣಾರೆ ಕಾಣದ ಇಪ್ಪತ್ತರ ಹರೆಯದವರೂ ಇವುಗಳನ್ನೇ ಕೊಳ್ಳುತ್ತಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಆಳವಾದ ಕಾರಣ, ನಾವು ದಿನನಿತ್ಯ ಓಡಿಸುವ ವೇಗದಲ್ಲಿಯೇ ಈ ಗಾಡಿಗಳು ಸಂತೋಷ ಕೊಡುತ್ತವೆ ಎಂಬುದು. ಎಂಜಿನ್ ನಿಮಿಷಕ್ಕೆ ಎಂಟು ಸಾವಿರ ಸುತ್ತು ದಾಟಿದ ಮೇಲೆ ಪೂರ್ಣ ಶಕ್ತಿ ತೋರುವ ಬೈಕು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇನ್ನೂ ಮೈಮುರಿದು ಏಳುತ್ತಿರುತ್ತದೆ. ನಿಧಾನವಾಗಿ ತಿರುಗುವ 350 ಸಿಸಿ ಎಂಜಿನ್ ಅದೇ ವೇಗದಲ್ಲಿ ತನ್ನ ಅತ್ಯುತ್ತಮ ಹದದಲ್ಲಿರುತ್ತದೆ. ಸವಾರನು ಗಾಡಿಯ ಪೂರ್ಣ ಸ್ವಭಾವವನ್ನು ಕಾನೂನಿನ ಮಿತಿಯೊಳಗೇ ಅನುಭವಿಸಬಹುದಾದರೆ ಆ ತೃಪ್ತಿಯನ್ನು ಹುಸಿ ಎಂದು ತಳ್ಳಿಹಾಕುವುದು ಸರಿಯಲ್ಲ.

ಇನ್ನೊಂದು ಮಾತನ್ನೂ ಸೇರಿಸಬೇಕು. ಚೂಪು ಮೂತಿಯ ಸ್ಪೋರ್ಟ್ಸ್ ಬೈಕು ನಾಲ್ಕೈದು ವರ್ಷಗಳಲ್ಲಿ ಹಳೆಯ ಮಾದರಿಯಂತೆ ಕಾಣತೊಡಗುತ್ತದೆ. ಗುಂಡು ದೀಪದ ಗಾಡಿಗೆ ಆ ಭಯವಿಲ್ಲ. ಹತ್ತು ಹದಿನೈದು ವರ್ಷ ಒಂದೇ ಬೈಕ್ ಇಟ್ಟುಕೊಳ್ಳುವ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ.

ನಿಜವಾದ ಸಾಮರ್ಥ್ಯ ಎಂದರೆ ಅಶ್ವಶಕ್ತಿಯೇ?

ಅದು ಸಾಮರ್ಥ್ಯದ ಒಂದು ಭಾಗ ಮಾತ್ರ, ಆದರೆ ನಿರ್ಲಕ್ಷಿಸಬಹುದಾದ ಭಾಗವಲ್ಲ. ಟಾರ್ಕ್ ಎಂದರೆ ಎಂಜಿನ್ ಕ್ರ್ಯಾಂಕನ್ನು ತಿರುಗಿಸುವ ಬಲ. ಆ ಬಲ ನಿಮಿಷಕ್ಕೆ ಎಷ್ಟು ಸುತ್ತುಗಳಲ್ಲಿ ಒದಗುತ್ತದೆ ಎಂಬುದನ್ನು ಸೇರಿಸಿ ಗುಣಿಸಿದಾಗ ಶಕ್ತಿ ಸಿಗುತ್ತದೆ. ನಗರದ ಸಿಗ್ನಲ್‌ನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ, ಕಡಿಮೆ ಸುತ್ತಿನಲ್ಲಿ ಸಿಗುವ ಟಾರ್ಕ್ ಗಾಡಿಯನ್ನು ಸಲೀಸಾಗಿ ಎಳೆಯುತ್ತದೆ. ಹೆದ್ದಾರಿಯಲ್ಲಿ 80ರಿಂದ 100ಕ್ಕೆ ಏರುವಾಗ ಲೆಕ್ಕಕ್ಕೆ ಬರುವುದು ಶಕ್ತಿ. ಗಾಳಿಯ ತಡೆಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, 80ರ ಬದಲು 100ರಲ್ಲಿ ಓಡಲು ಗಾಳಿಗಾಗಿಯೇ ಸುಮಾರು ಎರಡು ಪಟ್ಟು ಶಕ್ತಿ ವ್ಯಯವಾಗುತ್ತದೆ. ರೆಟ್ರೋ ಗಾಡಿಯಲ್ಲಿ ಸವಾರ ನೇರವಾಗಿ, ಎದೆಯೊಡ್ಡಿ ಕೂರುತ್ತಾನೆ, ಮುಂದೆ ಗಾಳಿ ತಡೆಯುವ ಫೇರಿಂಗ್ ಇರುವುದಿಲ್ಲ. ಇಪ್ಪತ್ತು ಅಶ್ವಶಕ್ತಿಯ ಗಾಡಿ 60ರವರೆಗೆ ಹುರುಪಿನಿಂದ ಓಡಿ 100ರ ಸುಮಾರಿಗೆ ಏದುಸಿರು ಬಿಡುವುದರ ಕಾರಣ ಇದೇ.

ಶಕ್ತಿಯನ್ನು ತೂಕದಿಂದ ಭಾಗಿಸಿ ನೋಡುವುದು ಇನ್ನೂ ಒಳ್ಳೆಯ ಅಳತೆ. ಕ್ಲಾಸಿಕ್ 350ರ ಶಕ್ತಿ 20.2 ಬಿಎಚ್‌ಪಿ (ಅಶ್ವಶಕ್ತಿ), ತೂಕ 195 ಕಿಲೋಗ್ರಾಂ. ಅಂದರೆ ಒಂದು ಟನ್ ತೂಕಕ್ಕೆ ನೂರರ ಮೇಲೆ ಕೆಲವೇ ಅಶ್ವಶಕ್ತಿ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಬರೀ 98 ಸಿಸಿಯ ಗಾಡಿಯಾಗಿದ್ದರೂ 11 ಬಿಎಚ್‌ಪಿ ಶಕ್ತಿಯನ್ನು ನೂರು ಕಿಲೋ ಆಸುಪಾಸಿನ ಮೈಗೆ ಒದಗಿಸುತ್ತಿತ್ತು. ಈ ಲೆಕ್ಕದಲ್ಲಿ ಅದು ಇಂದಿನ 350ಕ್ಕೆ ಸರಿಸಮ, ಒಂದು ಕೂದಲೆಳೆ ಮುಂದೆಯೇ.

ಆದರೂ ಅಶ್ವಶಕ್ತಿಯನ್ನೇ ಹಿಡಿದು ಕೂರುವುದು ತಪ್ಪು. ಗಾಡಿ ಎಷ್ಟು ಬೇಗ ನಿಲ್ಲುತ್ತದೆ, ತಿರುವಿನ ನಡುವೆ ಹಳ್ಳ ಸಿಕ್ಕರೆ ದಾರಿ ಬಿಡದೆ ಇರುತ್ತದೆಯೇ, ಮಳೆಯಲ್ಲಿ ಟೈರು ನೆಲವನ್ನು ಎಷ್ಟು ಹಿಡಿಯುತ್ತದೆ, ಎರಡು ಗಂಟೆ ಓಡಿಸಿದ ಮೇಲೆ ಸವಾರನ ಗಮನ ಎಷ್ಟು ಉಳಿದಿರುತ್ತದೆ ಎಂಬಿವೆಲ್ಲ ಸಾಮರ್ಥ್ಯದ ಅಂಗಗಳೇ. ನನ್ನ ದೃಷ್ಟಿಯಲ್ಲಿ ಇವು ಮೊದಲು ಬರಬೇಕು, ಶಕ್ತಿ ಆಮೇಲೆ.

350 ಸಿಸಿಯಲ್ಲಿ 20 ಅಶ್ವಶಕ್ತಿ, 400 ಸಿಸಿಯಲ್ಲಿ 40. ಇಷ್ಟು ಅಂತರ ಹೇಗೆ?

ಕ್ಲಾಸಿಕ್ 350 ಮತ್ತು ಟ್ರಯಂಫ್ ಸ್ಪೀಡ್ 400 ಎರಡೂ ನೋಡಲು ಹಳೆಯ ಕಾಲದವು, ಎರಡರದ್ದೂ ಒಂದೇ ಸಿಲಿಂಡರ್. ಕ್ಲಾಸಿಕ್‌ನ ಸಿಲಿಂಡರ್ 72 ಮಿಲಿಮೀಟರ್ ಅಗಲವಿದ್ದು ಪಿಸ್ಟನ್ ಸಾಗುವ ದೂರ 85.8 ಮಿಲಿಮೀಟರ್, ಸ್ಪೀಡ್ 400ರಲ್ಲಿ ಅಗಲ 89, ದೂರ 64. ಮೊದಲನೆಯದು 6,100 ಸುತ್ತಿನಲ್ಲಿ ಗರಿಷ್ಠ ಶಕ್ತಿ ಕೊಟ್ಟರೆ ಎರಡನೆಯದು 8,000 ಸುತ್ತಿನಲ್ಲಿ ಕೊಡುತ್ತದೆ. ಲೆಕ್ಕ ಹಾಕಿದರೆ ಆ ಹಂತದಲ್ಲಿ ಎರಡರ ಪಿಸ್ಟನ್ನುಗಳೂ ಸರಾಸರಿ ಸೆಕೆಂಡಿಗೆ 17 ಮೀಟರಿನ ಆಸುಪಾಸಿನ ವೇಗದಲ್ಲಿಯೇ ಓಡುತ್ತಿರುತ್ತವೆ. ಅಂದರೆ ಕ್ಲಾಸಿಕ್‌ನ ಪಿಸ್ಟನ್ ಸೋಮಾರಿಯಲ್ಲ. ಉದ್ದ ದಾರಿ ಹಿಡಿದಿರುವುದರಿಂದ ನಿಮಿಷಕ್ಕೆ ಕಡಿಮೆ ಬಾರಿ ಉರಿಯುತ್ತದೆ. ಅಗಲ ಸಿಲಿಂಡರಿನಲ್ಲಿ ದೊಡ್ಡ ಕವಾಟಗಳಿಗೆ ಜಾಗ ಸಿಗುತ್ತದೆ. ನಾಲ್ಕು ಕವಾಟ, ನೀರಿನ ತಂಪು ಸೇರಿದರೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಗಾಳಿ ಒಳಗೆ ಬಂದು ಹೆಚ್ಚು ಬಲ ಹುಟ್ಟುತ್ತದೆ. ಕ್ಲಾಸಿಕ್ ಎರಡೇ ಕವಾಟಗಳ, ಗಾಳಿ ಮತ್ತು ಎಣ್ಣೆಯಿಂದ ತಣಿಯುವ ಎಂಜಿನ್ನು.

ಇದು ತಯಾರಕರಿಗೆ ಬಾರದ ವಿದ್ಯೆಯಲ್ಲ, ಬೇಕೆಂದೇ ಮಾಡಿದ ಆಯ್ಕೆ. 4,000 ಸುತ್ತಿನಲ್ಲಿಯೇ 27 ನ್ಯೂಟನ್ ಮೀಟರ್ ಟಾರ್ಕ್ ಸಿಗುವಂತೆ ಹದಗೊಳಿಸಿದ್ದರಿಂದ ಗೇರ್ ಮತ್ತೆ ಮತ್ತೆ ಬದಲಿಸದೆ ಊರೊಳಗೆ ಓಡಾಡಬಹುದು, ಜನ ಇಷ್ಟಪಡುವ ಆ ನಿಧಾನ ಬಡಿತವೂ ಉಳಿಯುತ್ತದೆ.

ಹಿಂದಿನ ಕಾಲದ ಗಾಡಿಗಳು ನಿಜಕ್ಕೂ ಈಗಿನವುಗಳಿಗಿಂತ ಚುರುಕಾಗಿದ್ದವೇ?

ಕೆಲವು ಚುರುಕಾಗಿದ್ದವು, ಆದರೆ ಓಡುವುದರಲ್ಲಿ ಮಾತ್ರ. 1983ರಿಂದ ಫರೀದಾಬಾದ್‌ನಲ್ಲಿ ತಯಾರಾದ ರಾಜದೂತ್ 350, ಅಂದರೆ ಯಮಹಾ ಆರ್‌ಡಿ 350ರ ಭಾರತೀಯ ರೂಪ, 30 ಅಶ್ವಶಕ್ತಿ ಕೊಡುತ್ತಿತ್ತು. ಅಂದಿನ ನಮ್ಮ ರಸ್ತೆಗಳಲ್ಲಿ ಅದಕ್ಕೆ ಸಾಟಿಯೇ ಇರಲಿಲ್ಲ. ಚೆನ್ನೈ ಬಳಿಯ ಶೋಲಾವರಂ ರೇಸುಗಳಲ್ಲಿ ಅದು ಎಬ್ಬಿಸಿದ ಉತ್ಸಾಹವನ್ನು ಆ ತಲೆಮಾರಿನವರು ಮರೆತಿಲ್ಲ. ಆದರೆ ಹೊರದೇಶಗಳ ಆರ್‌ಡಿಗೆ ಮುಂದೆ ಡಿಸ್ಕ್ ಬ್ರೇಕ್ ಇದ್ದರೆ ನಮ್ಮದಕ್ಕೆ ಡ್ರಮ್ ಬ್ರೇಕ್ ಕೊಡಲಾಗಿತ್ತು. ಅಷ್ಟು ವೇಗಕ್ಕೆ ಆ ಬ್ರೇಕು ಸಾಲದು ಎಂಬುದನ್ನು ಅದನ್ನು ಓಡಿಸಿದ ಯಾರೂ ಒಪ್ಪುತ್ತಾರೆ. ಟೂ-ಸ್ಟ್ರೋಕ್ ಎಂಜಿನ್ ಆಕ್ಸಿಲರೇಟರ್ ಬಿಟ್ಟಾಗ ಗಾಡಿಯನ್ನು ಹೆಚ್ಚಾಗಿ ತಡೆದು ಹಿಡಿಯುವುದಿಲ್ಲವಾದ್ದರಿಂದ ಎಲ್ಲ ಭಾರವೂ ಬ್ರೇಕಿನ ಮೇಲೆಯೇ ಬೀಳುತ್ತಿತ್ತು.

ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟನ್ನು ಹೊಗಳುವವರಿಗೂ ಇದೇ ಮಾತು. ಅದರ ಬಡಿತಕ್ಕೆ ಮನಸೋಲದವರು ಕಡಿಮೆ. ಆದರೆ ಇಂದಿನ ಕ್ಲಾಸಿಕ್ 350ರ ಹೆಚ್ಚಿನ ಮಾದರಿಗಳಲ್ಲಿ ಮುಂದೆ 300 ಮಿಲಿಮೀಟರ್, ಹಿಂದೆ 270 ಮಿಲಿಮೀಟರ್ ಡಿಸ್ಕ್ ಇವೆ, ಎರಡೂ ಚಕ್ರಕ್ಕೆ ಎಬಿಎಸ್ ಇದೆ, ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದೆ. ತುರ್ತಿನಲ್ಲಿ ನಿಲ್ಲಬೇಕಾಗಿ ಬಂದಾಗ ಎರಡಕ್ಕೂ ಹೋಲಿಕೆಯೇ ಇಲ್ಲ.

ರೆಟ್ರೋ ರೂಪ ಮತ್ತು ಒಳ್ಳೆಯ ಓಟ ಒಂದೇ ಗಾಡಿಯಲ್ಲಿ ಸಿಗುತ್ತವೆಯೇ?

ಸಿಗುತ್ತವೆ, ಮತ್ತು ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಅಂದಕ್ಕೂ ಓಟಕ್ಕೂ ಎಣ್ಣೆ-ಸೀಗೇಕಾಯಿ ಎಂದು ನಂಬಿದವರು ಬಹಳ ಮಂದಿ. ಇಂದು ನಾವು ಹಳೆಯದೆಂದು ಕರೆಯುವ ಆಕಾರ ಅದರ ಕಾಲದಲ್ಲಿ ವೇಗದ ಆಕಾರವೇ ಆಗಿತ್ತು. 1959ರ ಟ್ರಯಂಫ್ ಬಾನವಿಲ್ ಆಗಲಿ, ಲಂಡನ್ನಿನ ಏಸ್ ಕೆಫೆಯ ಮುಂದೆ ನಿಲ್ಲುತ್ತಿದ್ದ ಕೆಫೆ ರೇಸರ್‌ಗಳಾಗಲಿ, ಗಂಟೆಗೆ ನೂರು ಮೈಲಿ ಮುಟ್ಟುವ ಆಸೆಯಿಂದ ರೂಪುಗೊಂಡವು. ಚಪ್ಪಟೆ ಸೀಟು, ತಗ್ಗಿದ ಹ್ಯಾಂಡಲ್, ಉದ್ದ ಟ್ಯಾಂಕು ಇವೆಲ್ಲಕ್ಕೂ ಆಗ ಕೆಲಸವಿತ್ತು.

ಆ ಪರಂಪರೆಗೆ ಹತ್ತಿರದ ಭಾರತೀಯ ಉದಾಹರಣೆ 2018ರ ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650. ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಎಂಬ ಹೆಸರಾಂತ ಚಾಸಿ ತಯಾರಕರು ಅವುಗಳ ಚೌಕಟ್ಟಿನಲ್ಲಿ ಕೈಯಾಡಿಸಿದ್ದಾರೆ. ಆ ಸಂಸ್ಥೆಯನ್ನು ರಾಯಲ್ ಎನ್‌ಫೀಲ್ಡ್ 2015ರಲ್ಲಿ ತನ್ನದಾಗಿಸಿಕೊಂಡಿತು. 648 ಸಿಸಿಯ ಎರಡು ಸಿಲಿಂಡರ್ ಎಂಜಿನ್ 47 ಅಶ್ವಶಕ್ತಿ ಮತ್ತು 52 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಇದೇ ಕಾಂಟಿನೆಂಟಲ್ ಜಿಟಿಯನ್ನು ಟ್ರ್ಯಾಕಿಗೆ ಒಗ್ಗಿಸಿ 2021ರಲ್ಲಿ ಒಂದು ರೇಸ್ ಸರಣಿಯೇ ಆರಂಭವಾಯಿತು, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಅದರ ಓಟಗಳು ನಡೆದವು. ರೆಟ್ರೋ ಗಾಡಿಯ ಚೌಕಟ್ಟು ಸರಿಯಿದ್ದರೆ ಅದು ರೇಸಿಗೂ ನಿಲ್ಲುತ್ತದೆ ಎನ್ನಲು ಬೇರೆ ಪುರಾವೆ ಬೇಕಿಲ್ಲ.

ಬಜಾಜ್ ಪುಣೆ ಬಳಿಯ ಚಾಕಣದಲ್ಲಿ ತಯಾರಿಸುವ, 2023ರಲ್ಲಿ ಬಂದ ಸ್ಪೀಡ್ 400 ಇನ್ನೊಂದು ದಾರಿ ಹಿಡಿದಿದೆ: ಗುಂಡು ದೀಪ, ಬಾರ್ ತುದಿಯ ಕನ್ನಡಿಗಳ ಹಿಂದೆ ಮುಂಚಕ್ರವನ್ನು ಹಿಡಿಯುವ, ತಲೆಕೆಳಗಾದ 43 ಮಿಲಿಮೀಟರ್ ಫೋರ್ಕ್, ರೇಡಿಯಲ್ ಟೈರು, 40 ಅಶ್ವಶಕ್ತಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನ 452 ಸಿಸಿ ಎಂಜಿನ್ನನ್ನೇ ಹೊತ್ತು 2024ರಲ್ಲಿ ಬಂದ ಗೆರಿಲ್ಲಾ 450 ಕೂಡ ಈ ಸಾಲಿಗೇ ಸೇರುತ್ತದೆ. ದೊಡ್ಡ ಗಾಡಿಗಳಲ್ಲಿ ಕವಾಸಾಕಿ ಝಡ್900ಆರ್‌ಎಸ್ ನೋಡಬೇಕು. ತನ್ನ ಆಧುನಿಕ ಒಡಹುಟ್ಟಿನ ಝಡ್900ರ 125ಕ್ಕೆ ಎದುರಾಗಿ ಇದರದ್ದು 111 ಅಶ್ವಶಕ್ತಿ, ಮಧ್ಯದ ಸುತ್ತುಗಳಲ್ಲಿ ಎಳೆತ ಚೆನ್ನಾಗಿರಲೆಂದು ಮೇಲ್ತುದಿಯ ಶಕ್ತಿಯನ್ನು ಬಿಟ್ಟುಕೊಟ್ಟಿದ್ದಾರೆ. ರಸ್ತೆಯಲ್ಲಿ ಆ ನಷ್ಟ ಗಮನಕ್ಕೆ ಬರುವುದು ಅಪರೂಪ.

ನೀರಿನಿಂದ ತಣಿಯುವ ಎಂಜಿನ್ನಿಗೆ ಗಾಳಿಯ ರೆಕ್ಕೆಗಳನ್ನು ಅಂಟಿಸುವುದು ಮೋಸವಲ್ಲವೇ?

2016ರ ನಂತರದ ಬಾನವಿಲ್‌ಗಳು ನೀರಿನಿಂದ ತಣಿಯುತ್ತವೆ, ಆದರೂ ಗಾಳಿಯಿಂದ ತಣಿಯುವ ಎಂಜಿನ್‌ಗಳಲ್ಲಿ ಬಿಸಿ ಹೊರಬಿಡಲು ಇರುವಂಥ ಲೋಹದ ರೆಕ್ಕೆಗಳು ಸಿಲಿಂಡರಿನ ಮೇಲಿವೆ. ಇಂಧನ ಚಿಮ್ಮಿಸುವ ಭಾಗವನ್ನು ಹಳೆಯ ಕಾರ್ಬ್ಯುರೇಟರಿನಂತೆ ಕಾಣಿಸಲಾಗಿದೆ. 2018ರಲ್ಲಿ ಮರಳಿ ಬಂದ ಜಾವಾದ 293 ಸಿಸಿ ಎಂಜಿನ್ ಕೂಡ ನೀರಿನದೇ. ಅದರ ಎರಡು ಸೈಲೆನ್ಸರ್‌ಗಳನ್ನು ಕಂಡು ಎರಡು ಸಿಲಿಂಡರ್ ಎಂದು ಭಾವಿಸುವವರಿದ್ದಾರೆ. ಹಳೆಯ ಜಾವಾ 250ರಲ್ಲಿಯೂ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದವು, ಆದ್ದರಿಂದ ಅದು ಪರಂಪರೆಗೆ ನಿಷ್ಠವಾಗಿಯೇ ಇದೆ. ಅಲಂಕಾರದಿಂದ ಗಾಡಿಯ ಓಟ ಕೆಡದಿದ್ದರೆ, ತಾಂತ್ರಿಕ ವಿವರಪಟ್ಟಿಯಲ್ಲಿ ನಿಜವನ್ನೇ ಬರೆದಿದ್ದರೆ, ಅದನ್ನು ಮೋಸ ಎನ್ನಲಾರೆ. ಅಂದಕ್ಕಾಗಿ ಸವಾರನ ಸುರಕ್ಷತೆಯಲ್ಲಿ ಕಡಿತವಾದಾಗ ಮಾತ್ರ ನಾನು ಒಪ್ಪುವುದಿಲ್ಲ.

ಅಂಥ ಕಡಿತ ಎಲ್ಲೆಲ್ಲಿ ಆಗುತ್ತದೆ?

ಮೊದಲನೆಯದು ಚಕ್ರ. ತಂತಿ ಕಡ್ಡಿಗಳ ಚಕ್ರ ಕಣ್ಣಿಗೆ ಹಬ್ಬ, ಆದರೆ ಬಹುತೇಕ ಅಂಥ ಚಕ್ರಗಳಿಗೆ ಟ್ಯೂಬ್ ಬೇಕು. ಮೊಳೆ ಚುಚ್ಚಿದರೆ ಟ್ಯೂಬಿನ ಗಾಳಿ ಥಟ್ಟನೆ ಹೊರಟುಹೋಗಬಹುದು, ಚಕ್ರ ಬಿಚ್ಚದೆ ಪಂಕ್ಚರ್ ಹಾಕಲಾಗದು. ರಾತ್ರಿ ಹೊತ್ತು ಶಿರಾಡಿಯ ನಡುವೆ ಇದು ದೊಡ್ಡ ತೊಂದರೆ. ಅದೇ ಮಾದರಿಯಲ್ಲಿ ಅಲಾಯ್ ಚಕ್ರ ಮತ್ತು ಟ್ಯೂಬ್‌ಲೆಸ್ ಟೈರ್ ಸಿಗುವುದಾದರೆ ದೂರ ಓಡಿಸುವವರು ಅದನ್ನೇ ಆರಿಸಿಕೊಳ್ಳಲಿ. ಇಂಟರ್‌ಸೆಪ್ಟರ್‌ಗೆ 2023ರಲ್ಲಿ ಈ ಆಯ್ಕೆ ಬಂದದ್ದು ಬಹಳ ತಡವಾಯಿತು ಎಂದೇ ಹೇಳಬೇಕು.

ಎರಡನೆಯದು ಹಿಂದಿನ ಜೋಡಿ ಶಾಕ್ ಅಬ್ಸಾರ್ಬರ್. ಹಳೆಯ ರೂಪಕ್ಕೆ ಅವು ಬೇಕೇ ಬೇಕು, ಆದರೆ ಅವುಗಳಲ್ಲಿ ಚಕ್ರ ಮೇಲೆ ಕೆಳಗೆ ಆಡಲು ಸಿಗುವ ಜಾಗ ಕಡಿಮೆ; ಇಂಟರ್‌ಸೆಪ್ಟರ್‌ನಲ್ಲಿ ಅದು 88 ಮಿಲಿಮೀಟರ್. ಮಳೆಗಾಲ ಮುಗಿದ ಮಲೆನಾಡಿನ ರಸ್ತೆಗಳಲ್ಲಿ, ಹಿಂದೆ ಸವಾರರಿದ್ದಾಗ, ಬೆನ್ನಿಗೆ ಇದರ ಅರಿವಾಗುತ್ತದೆ. ಮೂರನೆಯದು ತೂಕ. ಉಕ್ಕಿನ ತಗಡಿನ ಮಡ್‌ಗಾರ್ಡ್, ದಪ್ಪ ಟ್ಯಾಂಕು, ಭಾರದ ಫ್ಲೈವೀಲ್ ಎಲ್ಲ ಸೇರಿ ಮೈಭಾರ ಏರುತ್ತದೆ. ಓಡುವಾಗ ಅದು ನೆಲಕ್ಕೆ ಕಚ್ಚಿಕೊಂಡಂತೆ ಅನ್ನಿಸಿ ಹಿತವೆನಿಸಬಹುದು, ಆದರೆ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ತಳ್ಳುವಾಗ ಭಾರ ಭಾರವೇ.

ಕರ್ನಾಟಕದ ರಸ್ತೆಗಳಲ್ಲಿ ಹೆಚ್ಚಿನ ಶಕ್ತಿಗೆ ಎಷ್ಟು ಕೆಲಸವಿದೆ?

ನಾಲ್ಕು ಪಥದ ವಿಭಜಿತ ಹೆದ್ದಾರಿಗಳಲ್ಲಿ ಬೈಕಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಗರಿಷ್ಠ ಮಿತಿ ಗಂಟೆಗೆ 80 ಕಿಲೋಮೀಟರ್, ನಗರಗಳೊಳಗೆ 60. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ, ಸರ್ವೀಸ್ ರಸ್ತೆಯೇ ಗತಿ. ಹಾಗಾಗಿ ಗರಿಷ್ಠ ವೇಗದ ಅಂಕಿ ಇಲ್ಲಿ ಬಹುತೇಕ ಕಾಗದದ ಮೇಲಿನದೇ. ಆದರೂ ಮೀಸಲು ಶಕ್ತಿಗೆ ಬೆಲೆಯಿದೆ: ಎರಡು ಪಥದ ರಸ್ತೆಯಲ್ಲಿ ಲಾರಿಯನ್ನು ದಾಟುವಾಗ ಎದುರು ಬದಿಯಲ್ಲಿ ಕಳೆಯುವ ಸೆಕೆಂಡುಗಳು ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಜೋಡಿಯಾಗಿ, ಸಾಮಾನು ಕಟ್ಟಿಕೊಂಡು ಆಗಾಗ ದೂರ ಹೋಗುವವರಿಗೆ ಇಪ್ಪತ್ತು ಅಶ್ವಶಕ್ತಿ ಕಡಿಮೆಯಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆಗುಂಬೆಯಂಥ ಹೇರ್‌ಪಿನ್ ತಿರುವುಗಳ ಘಾಟಿಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಕೆಳಗಿನ ಟಾರ್ಕ್, ಹಿಡಿತವಿರುವ ಟೈರು ಮತ್ತು ಒಳ್ಳೆಯ ಬ್ರೇಕು ಸಾಕು, 350 ಏನೇನೂ ಹಿಂದೆ ಬೀಳುವುದಿಲ್ಲ.

ಸೈಲೆನ್ಸರ್ ಬದಲಿಸಿದರೆ ಪಿಕಪ್ ಹೆಚ್ಚುತ್ತದೆಯೇ?

ಇಲ್ಲ. ಇಂದಿನ ಎಂಜಿನ್‌ಗಳಲ್ಲಿ ಇಂಧನದ ಪ್ರಮಾಣವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ಸೈಲೆನ್ಸರಿನೊಳಗೆ ಹೊಗೆ ಶುದ್ಧಗೊಳಿಸುವ ಭಾಗವಿರುತ್ತದೆ. ಅದನ್ನು ಕಿತ್ತು ಶಬ್ದದ ಕೊಳವೆ ಹಾಕಿದರೆ ಸದ್ದು ಏರುತ್ತದೆ, ಕೆಳಗಿನ ಸುತ್ತಿನ ಎಳೆತ ಕೆಲವೊಮ್ಮೆ ಇಳಿಯುತ್ತದೆ. ಇದು ಕಾನೂನುಬಾಹಿರವೂ ಹೌದು; ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ವಶಪಡಿಸಿಕೊಂಡು ರೋಡ್ ರೋಲರ್ ಹರಿಸಿದ್ದಾರೆ. ಆಸ್ಪತ್ರೆ, ಶಾಲೆಗಳ ಮುಂದೆ ಆ ಸದ್ದು ಮಾಡುವುದು ಇತರರಿಗೆ ಮಾಡುವ ಅನ್ಯಾಯ. ಅದೇ ಹಣವನ್ನು ಒಳ್ಳೆಯ ಟೈರಿಗೋ ಹೆಲ್ಮೆಟ್ಟಿಗೋ ಹಾಕಿ.

ತೆರಿಗೆಯ ಬದಲಾವಣೆಯಿಂದ ಆಯ್ಕೆಯ ಮೇಲೆ ಪರಿಣಾಮವಾಗಿದೆಯೇ?

ಆಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು; ಅದಕ್ಕೂ ದೊಡ್ಡ ಎಂಜಿನ್‌ಗಳ ಮೇಲೆ ಶೇ 40 ಬಿತ್ತು. 398 ಅಥವಾ 452 ಸಿಸಿಯ ಗಾಡಿಗಳು ಇದರಿಂದ ಕಷ್ಟಕ್ಕೆ ಸಿಕ್ಕಿವೆ, ಓಟವನ್ನು ಬಯಸುವ ಸಾಮಾನ್ಯ ಕೊಳ್ಳುಗನಿಗೆ ಆ ಮೆಟ್ಟಿಲು ಇನ್ನಷ್ಟು ಎತ್ತರವಾಗಿದೆ. 350ರ ಗೆರೆ ಎಂಜಿನ್ನಿನ ಗಾತ್ರವನ್ನು ನೋಡುತ್ತದೆ, ಬ್ರೇಕು ಚೌಕಟ್ಟುಗಳ ಗುಣವನ್ನು ನೋಡುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಟೆಸ್ಟ್ ರೈಡ್‌ನಲ್ಲಿ ಏನನ್ನು ಗಮನಿಸಬೇಕು?

ಷೋರೂಮಿನವರು ಕೊಡುವ ಒಂದು ಸುತ್ತು ಸಾಲದು. ಸಾಧ್ಯವಾದರೆ ಹಿಂದೆ ಕೂರುವವರನ್ನೂ ಕರೆದೊಯ್ದು ಅರ್ಧ ಗಂಟೆಯಾದರೂ ಕೇಳಿ ಪಡೆಯಿರಿ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಬರುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡು, 50ರ ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಿಡಿದು ಲಿವರ್ ಎಷ್ಟು ಸ್ಪಷ್ಟವಾಗಿ ಉತ್ತರ ಕೊಡುತ್ತದೆ ಎಂದು ನೋಡಿ. ಹಂಪುಗಳ ಮೇಲೆ ಹಿಂಬದಿ ಎಗರುತ್ತದೆಯೇ, 70–80ರಲ್ಲಿ ಕಾಲಿಡುವ ಪೆಗ್ ಮತ್ತು ಹ್ಯಾಂಡಲ್ ಎಷ್ಟು ನಡುಗುತ್ತವೆ, ಕನ್ನಡಿಯಲ್ಲಿ ಹಿಂದಿನ ವಾಹನ ಸ್ಪಷ್ಟವಾಗಿ ಕಾಣುತ್ತದೆಯೇ, ಮೂರನೆಯ ಗೇರಿನಲ್ಲಿ 30ರಿಂದ ಎಳೆಯುವಾಗ ಎಂಜಿನ್ ಗೊಣಗುತ್ತದೆಯೇ ಎಂಬುದನ್ನು ಗಮನಿಸಿ. ಇಳಿದ ಮೇಲೆ ಎಂಜಿನ್ ಆಫ್ ಮಾಡಿ ಗಾಡಿಯನ್ನು ಕೈಯಿಂದ ಹಿಂದಕ್ಕೆ ತಳ್ಳಿ ನಿಲ್ಲಿಸುವುದನ್ನು ಮರೆಯಬೇಡಿ, ಏಕೆಂದರೆ ಮನೆಯ ಮುಂದೆ ಅದನ್ನು ಪ್ರತಿದಿನ ಮಾಡುವವರು ನೀವೇ.

ಹೊಸ ರೆಟ್ರೋ ಬದಲು ಅಸಲಿ ಆರ್‌ಎಕ್ಸ್ 100 ಅಥವಾ ಯೆಜ್ಡಿಯನ್ನೇ ಕೊಂಡರೆ?

ಅದು ಬೇರೆಯೇ ಬಗೆಯ ಸಂಬಂಧ. 1996ರಲ್ಲಿ ಆರ್‌ಎಕ್ಸ್ 100ರ ತಯಾರಿಕೆಯೂ ನಿಂತಿತು, ಮೈಸೂರಿನ ಕಾರ್ಖಾನೆಯೂ ಮುಚ್ಚಿತು. ಹಾಗಾಗಿ ಸಿಗುವ ಗಾಡಿಗಳೆಲ್ಲ ಮೂವತ್ತು ವರ್ಷಗಳ ಆಸುಪಾಸಿನವು ಅಥವಾ ಅದಕ್ಕೂ ಹಿಂದಿನವು. ನೋಂದಣಿಯ ನವೀಕರಣ ಆಗಿದೆಯೇ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್‌ಸಿಯೊಂದಿಗೆ ತಾಳೆಯಾಗುತ್ತವೆಯೇ, ಹಾಕಿರುವ ಬಿಡಿಭಾಗಗಳು ಮೂಲದವೇ ಎಂಬುದನ್ನು ಆ ಗಾಡಿಗಳನ್ನು ಬಲ್ಲ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ ಕೊಳ್ಳಬೇಕು. ಪೆಟ್ರೋಲಿಗೆ ಟೂ-ಟಿ ಎಣ್ಣೆ ಬೆರೆಸುವುದು, ಕಿಡಿ ಹೊತ್ತಿಸುವ ಪಾಯಿಂಟ್ ಸರಿಪಡಿಸುವುದು, ಡ್ರಮ್ ಬ್ರೇಕಿನ ಮಿತಿಯನ್ನು ಅರಿತು ಮುಂದಿನ ವಾಹನದಿಂದ ದೂರ ಕಾಯ್ದುಕೊಳ್ಳುವುದು ಇವೆಲ್ಲ ಯೆಜ್ಡಿ ಸವಾರನ ದಿನಚರಿಯ ಭಾಗಗಳು. ಇದರಲ್ಲಿ ಆಸಕ್ತಿಯಿರುವವರಿಗೆ ಅದರಷ್ಟು ಸಂತೋಷ ಕೊಡುವ ಗಾಡಿ ಮತ್ತೊಂದಿಲ್ಲ. ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ತಲುಪಲೇಬೇಕಾದವರು ಅದನ್ನು ಎರಡನೆಯ ಗಾಡಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.